ಆಹ್ವಾನದಲ್ಲಿ ‘ಬ್ಲ್ಯಾಕ್ ಟೈ’ (ಅಂದರೆ ಸಂಜೆಯ ಔತಣಕ್ಕೆ ಶಿಸ್ತಿನ ಉಡುಪು) ಎಂದಿದ್ದರೆ ಸೂಟಿನ ಬದಲು ಕಿಲ್ಟ್, ಅಂದರೆ ಸ್ಕಾಟ್‌ಲೆಂಡಿನ ಗಂಡಸರ ನೆರಿಗೆಯ ಲಂಗ, ತೊಡಬಹುದೇ?

ಖಂಡಿತ ತೊಡಬಹುದು. ಸ್ಕಾಟ್‌ಲೆಂಡಿನಲ್ಲಿ ಸಂಜೆಯ ಔತಣಕ್ಕೆ ಕಿಲ್ಟ್ ಅಂದರೆ ಡಿನ್ನರ್ ಸೂಟಿನಷ್ಟೇ ಮರ್ಯಾದೆಯ ಉಡುಪು. 1746ರ ಕಾನೂನು ಈ ಉಡುಪನ್ನೇ ನಿಷೇಧಿಸಿತ್ತು, 1782ರಲ್ಲಿ ಅದು ರದ್ದಾಯಿತು. 1822ರಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೊದಲ್ಲಿ ಕಿಲ್ಟ್ ತೊಟ್ಟು ಕಾಣಿಸಿಕೊಂಡ ಮೇಲೆ ದೊಡ್ಡ ಮನೆತನದವರೂ ಅದನ್ನು ಹೆಮ್ಮೆಯಿಂದ ತೊಡತೊಡಗಿದರು.

ಆದರೆ ಸುಮ್ನೆ ಕಿಲ್ಟ್ ಸುತ್ತಿಕೊಂಡರೆ ಸಾಲದು. ಮೇಲೆ ಬೆಳ್ಳಿ ಬಣ್ಣದ ಗುಂಡಿಗಳ ಗಿಡ್ಡ ಕಪ್ಪು ಕೋಟು ಬೇಕು, ಅದಕ್ಕೆ ಪ್ರಿನ್ಸ್ ಚಾರ್ಲಿ ಎನ್ನುತ್ತಾರೆ. ಒಳಗೆ ವೇಸ್ಟ್‌ಕೋಟು, ಬಿಳಿ ಅಂಗಿ, ಕಪ್ಪು ಬೋ ಟೈ. ಕಿಲ್ಟಿಗೆ ಜೇಬಿರುವುದಿಲ್ಲ ಅಲ್ವಾ? ಅದಕ್ಕೇ ಸೊಂಟದ ಮುಂದೆ ಸ್ಪೊರನ್ ಎಂಬ ಚೀಲ ತೂಗುತ್ತದೆ. ಹಗಲಿಗೆ ಸಾದಾ ಚರ್ಮದ್ದು ನಡೆಯುತ್ತದೆ, ಸಂಜೆಗೆ ತುಪ್ಪಳದ್ದು ಚೆಂದ. ಕಾಲಿಗೆ ಮೊಣಕಾಲಿನ ಕೆಳಗಿನವರೆಗೆ ಬರುವ ಉಣ್ಣೆಯ ಕಾಲುಚೀಲ. ಅದರಲ್ಲಿ ಸಿಕ್ಕಿಸುವ ಪುಟ್ಟ ಚೂರಿ ಸ್ಕಿಯನ್ ಡೂ. ವಿಮಾನದಲ್ಲಿ ಹೋಗುವುದಾದರೆ ದಯವಿಟ್ಟು ಅದನ್ನು ಕೈಚೀಲದಲ್ಲಿ ಇಡಬೇಡಿ.

ಜನ ಜಾಸ್ತಿ ಎಡವುವುದು ಉದ್ದದಲ್ಲಿ. ಕಿಲ್ಟಿನ ಅಂಚು ಮೊಣಕಾಲ ಚಿಪ್ಪಿನ ಹತ್ತಿರ ನಿಲ್ಲಬೇಕು. ಅದಕ್ಕಿಂತ ಕೆಳಗೆ ಇಳಿದರೆ ಜೋಲುಬಿದ್ದಂತೆ ಕಾಣುತ್ತದೆ. ಮಾಮೂಲಿ ಪ್ಯಾಂಟಿನ ಹಾಗೆ ಸೊಂಟದ ಕೆಳಗೆ ಕಟ್ಟಬೇಡಿ, ಹೊಕ್ಕುಳ ಮಟ್ಟಕ್ಕೆ ಕಟ್ಟಿ. ನೆರಿಗೆ ಹಿಂದೆ, ಸಪಾಟು ಭಾಗ ಮುಂದೆ. ಕಿಲ್ಟಿನ ಮುಂಭಾಗಕ್ಕೆ ಹಾಕುವ ಅಲಂಕಾರದ ಪಿನ್ನನ್ನು ಹೊರಗಿನ ಪದರಕ್ಕೆ ಮಾತ್ರ ಚುಚ್ಚಿ. ಎರಡೂ ಪದರ ಸೇರಿಸಿದರೆ ಕೂತು ಏಳುವಾಗ ಬಟ್ಟೆ ಎಳೆದು ಹರಿಯುತ್ತದೆ.

ನೀವು ಸ್ಕಾಟ್ ಮನೆತನದವರಲ್ಲದಿದ್ದರೂ ಸಂಕೋಚ ಬೇಡ. ಕಡು ನೀಲಿ, ಹಸಿರಿನ ಬ್ಲ್ಯಾಕ್ ವಾಚ್ ಎಂಬ ಟಾರ್ಟನ್ (ಮನೆತನಗಳಿಗೆ ತಮ್ಮದೇ ಮಾದರಿ ಇರುವ ಚೌಕುಳಿ ಬಟ್ಟೆ) ಆರಿಸಿ, ಅದನ್ನು ಯಾರು ಬೇಕಾದರೂ ತೊಡುತ್ತಾರೆ. ಸ್ಕಾಟ್‌ಲೆಂಡಿನಲ್ಲಿ ಪೂರ್ತಿ ಸೆಟ್ ಬಾಡಿಗೆಗೂ ಸಿಗುತ್ತದೆ.