ಏಲ್ ಬಿಯರ್‌ನ ಗಸಿಯನ್ನು ಮತ್ತೆ ಬಳಸುವ ಬಗೆ

ಪ್ರಶ್ನೆ: ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನಾನು ಮನೆಯಲ್ಲಿಯೇ ಒಂದು ಸಲಕ್ಕೆ 20 ಲೀಟರ್ ಏಲ್ ತಯಾರಿಸುತ್ತೇನೆ. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವಂತೆ, ಪಾತ್ರೆಯ ತಳದ ಯೀಸ್ಟ್ ಗಸಿಯನ್ನೇ ಮುಂದಿನ ಸಲಕ್ಕೂ ಬಳಸಬಹುದೇ? ಅದನ್ನು ನೀರಿನಲ್ಲಿ ತೊಳೆಯಬೇಕೆ? ಎಷ್ಟು ಸಲ ಬಳಸಬಹುದು?

ಉತ್ತರ: ಖಂಡಿತವಾಗಿಯೂ ಬಳಸಬಹುದು. ನೀವಿರುವ ಯಾರ್ಕ್‌ಷೈರ್‌ನ ಹಳೆಯ ಬ್ರೂವರಿಗಳು, ಹುದುಗುವಾಗ ಮೇಲೇಳುವ ಯೀಸ್ಟನ್ನು ತೆಗೆದಿಟ್ಟು ಮುಂದಿನ ಏಲ್‌ಗೆ ಹಾಕುವ ಪದ್ಧತಿಯನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿವೆ. ಆದರೆ ಹೆಪ್ಪಿನ ಹೋಲಿಕೆಯನ್ನು ಪೂರ್ತಿಯಾಗಿ ನೆಚ್ಚಬೇಡಿ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲನ್ನು ಬೇಗನೆ ಹುಳಿಯಾಗಿಸಿ ಇತರ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ; ಕುದಿಸಿ ತಣಿಸಿದ ಮಾಲ್ಟ್ (ಮೊಳಕೆಯೊಡೆಸಿ ಒಣಗಿಸಿದ ಬಾರ್ಲಿ) ರಸದಲ್ಲಾದರೋ, ಯೀಸ್ಟ್ ಚುರುಕಾಗುವವರೆಗಿನ ಮೊದಲ ಕೆಲವು ಗಂಟೆಗಳಲ್ಲಿ, ಗಸಿಯೊಂದಿಗೆ ಸೇರಿಬಂದ ಬ್ಯಾಕ್ಟೀರಿಯಾ ಮತ್ತು ಕಾಡು ಯೀಸ್ಟ್‌ಗಳಿಗೆ ಹೆಚ್ಚಿನ ಅಡ್ಡಿಯಿರುವುದಿಲ್ಲ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ್ದು ಕಾಡು ಯೀಸ್ಟ್‌ಗಳ ಈ ಕಾಟವನ್ನು ನಿವಾರಿಸಲೆಂದೇ.

ನೀರಿನಲ್ಲಿ ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ಗಸಿಯ ಮೇಲೆ ನಿಂತಿರುವ ಬಿಯರ್‌ನ ಹುಳಿ ಮತ್ತು ಆಲ್ಕೋಹಾಲ್‌ಗಳೇ ಯೀಸ್ಟಿಗೆ ಕಾವಲು. ನೀರು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದಿಲ್ಲ, ಬದಲಾಗಿ ಈ ಕಾವಲನ್ನೇ ತೆಗೆದುಹಾಕುತ್ತದೆ, ಮತ್ತು ಪಾತ್ರೆಯಿಂದ ಪಾತ್ರೆಗೆ ಸುರಿಯುವ ಪ್ರತಿ ಸಲವೂ ಹೊಸ ಸೋಂಕಿಗೆ ಅವಕಾಶ ಕೊಡುತ್ತದೆ. ಕೆಲವು ಬ್ರೂವರಿಗಳು ಫಾಸ್ಫಾರಿಕ್ ಆಮ್ಲದಿಂದ ಪಿಎಚ್ ಮಟ್ಟವನ್ನು 2.2ರ ಆಸುಪಾಸಿಗೆ ಇಳಿಸಿ ಬ್ಯಾಕ್ಟೀರಿಯಾಗಳನ್ನು ನಾಶಮಾಡುವುದುಂಟು. ಅದರಿಂದಲೂ ಕಾಡು ಯೀಸ್ಟ್ ಸಾಯುವುದಿಲ್ಲವಾದ್ದರಿಂದ ಮನೆಯಲ್ಲಿ ಆ ಸಾಹಸ ಬೇಡ.

ಬಿಯರನ್ನು ಬಾಟಲಿಗಳಿಗೆ ತುಂಬುವ ದಿನವೇ, ತಳದಲ್ಲಿ ಸ್ವಲ್ಪ ಬಿಯರ್ ಉಳಿಸಿ, ಗಸಿಯನ್ನು ಕದಡಿ, ಸ್ಯಾನಿಟೈಜರ್‌ನಿಂದ ಶುಚಿಗೊಳಿಸಿದ ಜಾಡಿಗೆ ಸುರಿದು ಫ್ರಿಜ್‌ನಲ್ಲಿ 2ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ಇಂಗಾಲದ ಡೈಆಕ್ಸೈಡ್ ಒಳಗೇ ತುಂಬಿಕೊಂಡರೆ ಗಾಜು ಸಿಡಿಯಬಹುದಾದ್ದರಿಂದ ಮುಚ್ಚಳ ಸಡಿಲವಾಗಿರಲಿ. ಎರಡು ವಾರಗಳೊಳಗೆ ಬಳಸುವುದು ಒಳ್ಳೆಯದು. ಆರಂಭದ ಸಾಂದ್ರತೆ (ಹುದುಗುವ ಮೊದಲು ರಸದ ಸಾಂದ್ರತೆ; ನೀರಿನದು 1.000) 1.048ರಷ್ಟಿರುವ 20 ಲೀಟರ್ ಏಲ್‌ಗೆ, ತಾಜಾ ಮತ್ತು ಗಟ್ಟಿಯಾದ ಗಸಿ ಸುಮಾರು 150ರಿಂದ 200 ಮಿಲಿಲೀಟರ್ ಸಾಕು. ಇಡೀ ಗಸಿಯ ಮೇಲೆಯೇ ಹೊಸ ರಸ ಸುರಿಯುವವರಿದ್ದಾರೆ. ಆಗ ಯೀಸ್ಟಿಗೆ ಹೊಸದಾಗಿ ಬೆಳೆಯುವ ಅಗತ್ಯವೇ ಬೀಳದೆ, ಏಲ್‌ಗೆ ಸಹಜವಾದ ಹಣ್ಣಿನ ಪರಿಮಳ ಕುಗ್ಗಬಹುದು.

ಎಷ್ಟು ಸಲ ಎಂಬುದಕ್ಕಿಂತ ಯಾವ ಬಿಯರ್‌ನ ಗಸಿ ಎಂಬುದು ಮುಖ್ಯ. ಆರಂಭದ ಸಾಂದ್ರತೆ 1.060 ದಾಟಿದ ಬಿಯರ್‌ನಲ್ಲಿ ಯೀಸ್ಟ್ ಬಳಲಿರುತ್ತದೆ; ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ) ಬಹಳ ಹಾಕಿದ ಬಿಯರ್‌ನ ಗಸಿ ತನ್ನ ಕಹಿಯನ್ನು ಮುಂದಕ್ಕೂ ಸಾಗಿಸುತ್ತದೆ. ಆದ್ದರಿಂದ ತಿಳಿಬಣ್ಣದ, ಹಗುರವಾದ ಏಲ್‌ನಿಂದ ಆರಂಭಿಸಿ ಗಾಢವಾದವುಗಳತ್ತ ಸಾಗಿ. ಮನೆಯ ಶುಚಿತ್ವದ ಮಟ್ಟದಲ್ಲಿ ನಾಲ್ಕೈದು ಸಲಕ್ಕೆ ನಿಲ್ಲಿಸಿ ಹೊಸ ಯೀಸ್ಟ್ ಕೊಳ್ಳುವುದು ವಿವೇಕ. ಗಸಿಯಲ್ಲಿ ಹುಳಿ ವಾಸನೆ, ಸುಟ್ಟ ರಬ್ಬರಿನ ಅಥವಾ ಔಷಧದ ವಾಸನೆ, ಮೇಲೆ ತೆಳುವಾದ ಪೊರೆ, ಇವುಗಳಲ್ಲಿ ಯಾವುದೊಂದು ಕಂಡರೂ ಮರುಯೋಚನೆಯಿಲ್ಲದೆ ಚೆಲ್ಲಿಬಿಡಿ.

ಕರ್ನಾಟಕದ ಓದುಗರಿಗೆ ಒಂದು ಮಾತು: ಬ್ರಿಟನ್ನಿನಲ್ಲಿ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ತಯಾರಿಸಲು 1963ರಿಂದ ಪರವಾನಗಿ ಬೇಕಿಲ್ಲ. ಇಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.