ನ್ಯಾಶ್‌ವಿಲ್‌ನ ಒಂದು ಬಾರ್‌ನಲ್ಲಿ ಶೋ-ಬಡ್ ಗಿಟಾರ್ ಕಂಪನಿಗೆ ಯಾಕಷ್ಟು ಗೌರವ?

ಯಾಕಂದ್ರೆ ಆ ಬಾರ್ ಇರುವುದೇ ಶೋ-ಬಡ್‌ನ ಹಳೇ ಜಾಗದಲ್ಲಿ. ಅಮೆರಿಕದ ನ್ಯಾಶ್‌ವಿಲ್‌ನ ಬ್ರಾಡ್‌ವೇ ಬೀದಿಯಲ್ಲಿ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಅಂತ ಒಂದು ಹಾಂಕಿ-ಟಾಂಕ್ ಇದೆ. ಅಂದರೆ ಕಂಟ್ರಿ ಸಂಗೀತವನ್ನು (ಅಮೆರಿಕದ ಹಳ್ಳಿಗಾಡಿನ ಜನಪದ ಮೂಲದ ಹಾಡುಗಳು) ಎದುರಿಗೇ ನುಡಿಸುವ ಬಾರ್. ಮೊದಲು ಇದೇ ಕಟ್ಟಡದಲ್ಲಿ ಶೋ-ಬಡ್ ಸ್ಟೀಲ್ ಗಿಟಾರ್ ಕಂಪನಿ ಇತ್ತು. 1974ರ ತನಕ ಗ್ರ್ಯಾಂಡ್ ಓಲ್ ಓಪ್ರಿ ಎಂಬ ಕಂಟ್ರಿ ಸಂಗೀತದ ಹೆಸರಾಂತ ರೇಡಿಯೋ ಕಾರ್ಯಕ್ರಮ ನಡೆಯುತ್ತಿದ್ದ ರೈಮನ್ ಸಭಾಂಗಣ ಅಲ್ಲೇ ಹಿಂದುಗಡೆ. ಗಿಟಾರ್ ಮಾರಲು ಇನ್ನೆಂಥ ಜಾಗ ಬೇಕು, ಅಲ್ವಾ?

1950ರ ದಶಕದಲ್ಲಿ ಕಂಪನಿ ಶುರು ಮಾಡಿದ ಶಾಟ್ ಜಾಕ್ಸನ್, ಬಡ್ಡಿ ಎಮನ್ಸ್ ಇಬ್ಬರೂ ವಾದಕರೇ. ಅವರ ಹೆಸರುಗಳನ್ನು ಸೇರಿಸಿಯೇ 'ಶೋ-ಬಡ್'.

ಅವರ ಕೆಲಸ ಯಾಕೆ ದೊಡ್ಡದು? ಸ್ಟೀಲ್ ಗಿಟಾರನ್ನು ನಮ್ಮ ಚಿತ್ರವೀಣೆಯ ಹಾಗೆ ತಂತಿಯ ಮೇಲೆ ತುಂಡೊಂದನ್ನು ಜಾರಿಸಿ ನುಡಿಸುತ್ತಾರೆ. ಇಲ್ಲಿ ಅದು ಉಕ್ಕಿನ ತುಂಡು. ಅದು ನೆಟ್ಟಗಿರುವುದರಿಂದ ಸರಿಸಿದರೆ ಅದರಡಿಯ ತಂತಿಗಳ ಸ್ವರವೆಲ್ಲ ಒಟ್ಟಿಗೇ ಬದಲಾಗುತ್ತದೆ. ಒಂದೇ ತಂತಿಯ ಸ್ವರ ಏರಿಸಬೇಕಾದರೆ? ಅದಕ್ಕೇ ಪೆಡಲ್. ಕಾಲಿನಿಂದ ಒತ್ತಿದರೆ ಕೆಳಗಿನ ಸರಳು ಆ ತಂತಿಯನ್ನಷ್ಟೇ ಬಿಗಿಯಾಗಿ ಎಳೆಯುತ್ತದೆ. ಉಳಿದ ಸ್ವರಗಳು ಸುಮ್ನೆ ನಿಂತಿರುವಾಗ ಒಂದು ಮಾತ್ರ ಮೇಲಕ್ಕೆ ಜಾರುತ್ತದೆ. ಕಂಟ್ರಿ ಹಾಡಿನ ಆ ಅಳುವ ದನಿ ಅಂತೀವಲ್ಲ, ಅದು ಇದೇ.

ಪೆಡಲ್ ಇವರ ಶೋಧವಲ್ಲ. ಆದರೆ ಒಂದೇ ಪೆಡಲ್ ಎರಡು ತಂತಿ ಎಳೆಯುತ್ತಿದ್ದುದನ್ನು ಎಮನ್ಸ್ ಎರಡು ಪೆಡಲ್‌ಗಳಿಗೆ ಹಂಚಿದರು. ಆಮೇಲೆ ಉಳಿದವರೂ ಅದೇ ದಾರಿ ಹಿಡಿದರು.