ಅಜ್ಜಿ ಮನೆಯ ಲಕ್ಷ್ಮಿ ಪಟ, ದರಿಯಾ ದೌಲತ್ತಿನ ಗೋಡೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಜ್ಜಿ ಮನೆಯ ದೇವರ ಕೋಣೆಯಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿಯ ಹಳೇ ಪಟ ಇದೆ. ಪಕ್ಕದಲ್ಲಿ ಸೊಂಡಿಲಲ್ಲಿ ಹಾರ ಹಿಡಿದ ಆನೆ. ಕೆಳಗೆ ಮೂಲೆಯಲ್ಲಿ ರವಿವರ್ಮನ ಸಹಿಯೂ ಇದೆ. ಇದು ಅಸಲಿಯೇ? ಮನೆಯಲ್ಲೇ ಪರೀಕ್ಷಿಸಲು ಆಗುತ್ತದೆಯೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಸಹಿ ನೋಡಿ ಏನನ್ನೂ ತೀರ್ಮಾನಿಸಬೇಡಿ. ಅಚ್ಚಿನ ಪಟದಲ್ಲಿ ಸಹಿಯೂ ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ. ನಿನ್ನೆ ಆಫ್‌ಸೆಟ್‌ನಲ್ಲಿ ಹೊಡೆದ ಪಟದಲ್ಲೂ ಅದೇ ಸಹಿ ಇರುತ್ತದೆ.

ನಿಮ್ಮ ಕೈಯಲ್ಲಿರುವುದು ಮೂರರಲ್ಲಿ ಒಂದು. ಒಂದು, ಕ್ಯಾನ್ವಾಸಿನ ಮೇಲಿನ ತೈಲಚಿತ್ರ. ಇದರ ಆಸೆಯನ್ನು ಬಿಟ್ಟುಬಿಡುವುದೇ ಒಳ್ಳೆಯದು. ಎರಡು, ಕಲ್ಲಚ್ಚಿನ ಓಲಿಯೋಗ್ರಾಫ್. ಮೂರು, ಆಮೇಲಿನ ಆಫ್‌ಸೆಟ್ ಮರುಮುದ್ರಣ. ಹಳೇ ಮನೆಗಳಲ್ಲಿ "ಅಸಲಿ ರವಿವರ್ಮ" ಎಂದು ಹೇಳಿಕೊಂಡು ಬಂದಿರುವುದರಲ್ಲಿ ಬಹುಪಾಲು ಎರಡನೆಯ ಜಾತಿಯವು, ಅಂಥವಕ್ಕೂ ಒಳ್ಳೆಯ ಬೆಲೆಯೇ ಇದೆ.

ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಜರ್ಮನ್ ಕುಶಲಿಗರನ್ನು ಇಟ್ಟುಕೊಂಡು ಪ್ರೆಸ್ ಶುರುಮಾಡಿದ. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ಕೆಲವೇ ವರ್ಷಗಳಲ್ಲಿ ಪ್ರೆಸ್ ಲೋಣಾವಳದ ಹತ್ತಿರದ ಮಳವಳಿಗೆ ಹೋಯಿತು, ಆಮೇಲೆ ಫ್ರಿಟ್ಜ್ ಶ್ಲೈಚರ್ ಎಂಬ ಜರ್ಮನ್ ಅದನ್ನು ಕೊಂಡುಕೊಂಡ. ಹಾಗಾಗಿ 1906ರಲ್ಲಿ ರವಿವರ್ಮ ತೀರಿಕೊಂಡ ಮೇಲೂ ಅವನ ಹೆಸರಿನ ಪ್ರೆಸ್ಸಿನಿಂದ ದೇವರ ಪಟಗಳು ದಶಕಗಟ್ಟಲೆ ಹೊರಬರುತ್ತಲೇ ಇದ್ದವು. ಪ್ರೆಸ್ಸಿನ ಹೆಸರು ಇದ್ದ ಮಾತ್ರಕ್ಕೆ ಚಿತ್ರ ಅವನ ಕಾಲದ್ದೇ ಆಗಬೇಕೆಂದಿಲ್ಲ.

ಓಲಿಯೋಗ್ರಾಫ್ ಮಾಡುವ ಬಗೆ ತಿಳಿದರೆ ಪರೀಕ್ಷೆ ಸುಲಭ. ನುಣ್ಣಗೆ ಉಜ್ಜಿದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಚಿತ್ರವನ್ನು ತಿರುಗುಮುರುಗಾಗಿ ಬರೆಯಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೈಬಣ್ಣದ ತಿಳಿ ಗುಲಾಬಿಗೆ ಒಂದು, ಅದರ ನೆರಳಿಗೆ ಇನ್ನೊಂದು, ಸೀರೆಯ ಕೆಂಪಿಗೆ ಮತ್ತೊಂದು, ಹೀಗೆ ಹತ್ತು ಹನ್ನೆರಡು ಕಲ್ಲು ದಾಟಿದ ಮೇಲೆ ಲಕ್ಷ್ಮಿ ಪೂರ್ತಿಯಾಗುತ್ತಿದ್ದಳು. ತೈಲಚಿತ್ರದ ಹಾಗೆ ಕಾಣಲಿ ಎಂದು ಕೊನೆಗೆ ವಾರ್ನಿಶ್ ಬಳಿದು, ಕ್ಯಾನ್ವಾಸಿನ ನೇಯ್ಗೆಯ ಗುರುತನ್ನೂ ಕಾಗದಕ್ಕೆ ಒತ್ತುತ್ತಿದ್ದರು. ಮೋಸಹೋಗುವುದು ಇಲ್ಲೇ. ನೇಯ್ಗೆ ಕಂಡ ಕೂಡಲೇ "ಕ್ಯಾನ್ವಾಸ್!" ಎನ್ನುತ್ತಾರೆ. ಒತ್ತಿದ ನೇಯ್ಗೆ ಮುಖ, ಆಕಾಶ, ನೀರು ಎಲ್ಲೆಡೆ ಒಂದೇ ಸಮ ಇರುತ್ತದೆ, ಹಿಂಬದಿ ಬರೀ ಕಾಗದ.

ಈಗ ಪರೀಕ್ಷೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಬೇಕು, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ಲಕ್ಷ್ಮಿಯ ಕೆನ್ನೆ ನೆರಳಿಗೆ ತಿರುಗುವ ಜಾಗದಲ್ಲಿ ಅದನ್ನು ಇಡಿ. ಕಲ್ಲಚ್ಚಾದರೆ ಕೈಯಿಂದ ಇಟ್ಟ ಚುಕ್ಕಿಗಳು ಕಾಣುತ್ತವೆ: ಒಂದು ದೊಡ್ಡದು, ಒಂದು ಚಿಕ್ಕದು, ಕೆಲವು ಒಂದಕ್ಕೊಂದು ಅಂಟಿಕೊಂಡವು, ಯಾವ ಸಾಲಿಗೂ ಸೇರದವು. ತಿಳಿ ಬಣ್ಣದ ಚುಕ್ಕಿಯ ಮೇಲೆ ಗಾಢ ಬಣ್ಣದ ಚುಕ್ಕಿ ಕೂತಿರುತ್ತದೆ. ಆಫ್‌ಸೆಟ್ ಆದರೆ ಕಂಬಳಿ ನೇಯ್ದ ಹಾಗೆ ಸಾಲು ಹಿಡಿದ ಚುಕ್ಕಿಗಳು, ನೀಲಿ, ಗುಲಾಬಿ, ಹಳದಿ, ಕಪ್ಪು ಈ ನಾಲ್ಕೇ ಬಣ್ಣ, ಅವು ಸೇರಿ ಸಣ್ಣ ಸಣ್ಣ ಹೂವಿನಾಕಾರ. ಹೂವು ಕಂಡರೆ ಅಲ್ಲಿಗೆ ಮುಗಿಯಿತು.

ಕಲ್ಲಚ್ಚು ಎಂದು ಗೊತ್ತಾದ ಮೇಲೆ ಕೆಳಗಿನ ಅಂಚು ನೋಡಿ. ಪ್ರೆಸ್ಸಿನ ಹೆಸರು, ಬಾಂಬೆ, ಕಾರ್ಲಾ, ಮಳವಳಿ, ಲೋಣಾವಳ ಇಂಥ ಊರು ಅಲ್ಲಿರುತ್ತದೆ. ಎಷ್ಟೋ ಪಟಗಳಲ್ಲಿ ಕಟ್ಟು ಹಾಕಿದವರು ಆ ಅಂಚನ್ನೇ ಕತ್ತರಿಸಿ ಬಿಸಾಕಿರುತ್ತಾರೆ ಅಥವಾ ಅದು ರಟ್ಟಿನ ಅಡಿ ಅಡಗಿರುತ್ತದೆ. ಅಳತೆ ಸಾಮಾನ್ಯವಾಗಿ ಸುಮಾರು 50×35 ಸೆಂ.ಮೀ. ಅಥವಾ 70×50 ಸೆಂ.ಮೀ. ಪುಣೆಯ ಚಿತ್ರಶಾಲಾ ಪ್ರೆಸ್ಸಿನಂಥವು ರವಿವರ್ಮನಿಗಿಂತ ಮುಂಚಿನಿಂದಲೂ ದೇವರ ಕಲ್ಲಚ್ಚು ಹೊಡೆಯುತ್ತಿದ್ದವು. ಅವನ ಚಿತ್ರ ಗೆದ್ದ ಮೇಲೆ ನಕಲು ಹೊಡೆದವರಿಗಂತೂ ಲೆಕ್ಕವಿಲ್ಲ. ಅಂಚು ಇಲ್ಲದ ಪಟಕ್ಕೆ "ರವಿವರ್ಮ ಪ್ರೆಸ್" ಎಂದು ಯಾರಾದರೂ ಬರೆದುಕೊಟ್ಟರೆ ನಂಬುವ ಮುನ್ನ ಎರಡು ಸಲ ಯೋಚಿಸಿ.

ಪ್ರಶ್ನೆ: ನಮ್ಮ ಸರಸ್ವತಿ ಪಟದ ತುಂಬ ಕಂದು ಚುಕ್ಕೆ, ಒಂದು ಕಡೆ ಗಾಜಿಗೇ ಅಂಟಿಕೊಂಡಿದೆ. ಸೀರೆಗೆ ಜರಿ, ಚಮಕಿ ಹೊಲಿದಿದ್ದಾರೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಬಹುದೇ? (ಸಾಗರದ ಓದುಗರು)

ಉತ್ತರ: ಒರೆಸಬೇಡಿ. ನೂರು ವರ್ಷದ ವಾರ್ನಿಶ್ ಕೂದಲೆಳೆಯಷ್ಟು ಸೀಳಿರುತ್ತದೆ, ನೀರು ಆ ಸೀಳಿನಿಂದ ಕಾಗದಕ್ಕೆ ಇಳಿದು ಕಲೆಯನ್ನು ಇನ್ನಷ್ಟು ಹರಡುತ್ತದೆ. ಬ್ರೆಡ್ಡಿನ ತುಂಡು, ಹಸಿ ಆಲೂಗಡ್ಡೆ, ಕೊಬ್ಬರಿ ಎಣ್ಣೆ ಇವೆಲ್ಲ ಯಾರೋ ಹೇಳಿಕೊಟ್ಟ ಉಪಾಯಗಳು. ಇವು ಹುಳುವಿಗೆ ಊಟ ಬಡಿಸಿದ ಹಾಗೆ.

ಮಲೆನಾಡಿನಲ್ಲಿ ಪಟ ಕೆಡುವುದಕ್ಕೆ ಮುಖ್ಯ ಕಾರಣ ಗಾಜು ಕಾಗದಕ್ಕೆ ತಾಗಿಕೊಂಡೇ ಇರುವುದು. ಮಳೆಗಾಲದ ಗೋಡೆ ತಣ್ಣಗೆ, ಕೋಣೆಯಲ್ಲಿ ದೀಪದ ಬಿಸಿ. ಗಾಜಿನ ಒಳಮೈ ಬೆವರುತ್ತದೆ, ವಾರ್ನಿಶ್ ಮೆತ್ತಗಾಗಿ ಗಾಜಿಗೆ ಹಿಡಿದುಕೊಳ್ಳುತ್ತದೆ. ಎರಡನೆಯ ಕಾರಣ ಹಿಂದಿನ ಮರದ ಹಲಗೆ. ಮರದ ಆಮ್ಲ ಕಾಗದಕ್ಕೆ ಇಳಿದು ಕಂದು ಹಿಡಿಯುತ್ತದೆ. ಎರಡು ಹಲಗೆಗಳ ನಡುವಿನ ಸಂದು ಸರಸ್ವತಿಯ ಮುಖದ ಮೇಲೆ ಉದ್ದ ಗೆರೆಯಾಗಿ ಮೂಡಿರುವ ಪಟಗಳು ಬೇಕಾದಷ್ಟಿವೆ.

ನೀವೇ ಮಾಡಬಹುದಾದದ್ದು ಇಷ್ಟು. ಪಟವನ್ನು ಮೇಜಿನ ಮೇಲೆ ಗಾಜು ಕೆಳಗೆ ಬರುವಂತೆ ಮಲಗಿಸಿ, ಹಿಂದಿನ ತುಕ್ಕು ಮೊಳೆಗಳನ್ನು ಇಕ್ಕಳದಿಂದ ನೇರ ಮೇಲಕ್ಕೆ ಎಳೆದು ತೆಗೆಯಿರಿ. ಹಲಗೆ ಎತ್ತಿ. ಕಾಗದ ಗಾಜಿಗೆ ಅಂಟಿದ್ದರೆ ಅಲ್ಲಿಗೇ ಕೈಬಿಡಿ. ಬ್ಲೇಡು ಹಾಕಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಬಣ್ಣ ಗಾಜಿನ ಜೊತೆ ಎದ್ದು ಬರುತ್ತದೆ. ಗಾಜು ಸಮೇತ ಮಲಗಿಸಿಯೇ ಕಾಗದ ಸಂರಕ್ಷಣೆ ಬಲ್ಲವರ ಬಳಿಗೆ ಒಯ್ಯಿರಿ. ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಬೆಂಗಳೂರಿನಲ್ಲೇ ಇದೆ. ಅಂಟಿಲ್ಲವಾದರೆ ಒಣಗಿದ ಮೆತ್ತನೆ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಧೂಳು ತಳ್ಳಿ. ಜರಿ ಇರುವ ಕಡೆ ಬ್ರಷ್ ಕೂಡ ಬೇಡ, ಚಮಕಿ ಹೊಲಿದ ದಾರ ಕಾಗದವನ್ನು ಕತ್ತರಿಸಿಕೊಂಡು ಬರುತ್ತದೆ. ಜರಿ ಕಪ್ಪಾಗಿದ್ದರೆ ಕಪ್ಪಾಗಿಯೇ ಇರಲಿ.

ಮತ್ತೆ ಕಟ್ಟು ಹಾಕಿಸುವಾಗ ಆಮ್ಲರಹಿತ ರಟ್ಟು ಕೇಳಿ. ಗಾಜಿಗೂ ಚಿತ್ರಕ್ಕೂ ನಡುವೆ ಕನಿಷ್ಠ 4–5 ಮಿ.ಮೀ. ಜಾಗ ಬಿಡುವ ಮೌಂಟ್ ಇರಬೇಕು, ಜರಿ ಪಟವಾದರೆ ಇನ್ನೂ ಜಾಸ್ತಿ. ಸೆಲ್ಲೊಟೇಪು, ಫೆವಿಕಾಲು, ಲ್ಯಾಮಿನೇಶನ್ ಮೂರೂ ಬೇಡ. ಲ್ಯಾಮಿನೇಶನ್ ಒಮ್ಮೆ ಆಯಿತೆಂದರೆ ಬಿಡಿಸಲು ಬರುವುದೇ ಇಲ್ಲ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಹಿಂದಿನಿಂದ ಬೆಂಡಿನ ಬಿಲ್ಲೆ ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುತ್ತದೆ.

ಪೂಜೆಯ ಪಟವನ್ನು ದೇವರ ಕೋಣೆಯಿಂದ ತೆಗೆಯಲು ಮನಸ್ಸು ಬರುವುದಿಲ್ಲ, ಒಪ್ಪತಕ್ಕದ್ದೇ. ಆದರೆ ಊದಿನಕಡ್ಡಿ ಹೊಗೆ, ಎಣ್ಣೆ ಮಸಿ, ಕುಂಕುಮ ಈ ಮೂರರ ಎದುರು ಯಾವ ಫ್ರೇಮೂ ನಿಲ್ಲುವುದಿಲ್ಲ. ಒಳ್ಳೆಯ ಫೋಟೊ ತೆಗೆಸಿ, ಅದೇ ಅಳತೆಗೆ ಪ್ರಿಂಟ್ ಹಾಕಿಸಿ ಪೂಜೆಗೆ ಇಡಿ. ಹಳೆಯದನ್ನು ಬಿಸಿಲು ಬೀಳದ ಒಳಗೋಡೆಗೆ ಹಾಕಿ.

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಇಂಥ ಪಟವೊಂದನ್ನು ಒಯ್ಯುತ್ತೇನೆ ಎನ್ನುತ್ತಾಳೆ. ತೊಂದರೆ ಇದೆಯೇ? (ಮೈಸೂರಿನ ಓದುಗರು)

ಉತ್ತರ: ಇದೆ. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪ್ರಾಚ್ಯವಸ್ತು, ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಪಟ ಅಷ್ಟು ಹಳೆಯದಲ್ಲ ಎನ್ನಿಸಿದರೆ, ಪ್ರಾಚ್ಯವಸ್ತು ಅಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಇಲಾಖೆಯಿಂದ ಹೊರಡುವ ಮೊದಲೇ ಪಡೆಯಿರಿ. ರವಿವರ್ಮನ ಕೈಯ ಮೂಲ ಕೃತಿಗಳಂತೂ 1979ರಿಂದ ರಾಷ್ಟ್ರೀಯ ಕಲಾಸಂಪತ್ತು, ವಯಸ್ಸು ಎಷ್ಟೇ ಇರಲಿ ಹೊರಗೆ ಹೋಗುವಂತಿಲ್ಲ.

ಪ್ರಶ್ನೆ: ದೇವಿಯರಿಗೆ ಸೀರೆ ಉಡಿಸಿದ್ದೇ ರವಿವರ್ಮ ಎನ್ನುತ್ತಾರೆ. ನಿಜವೇ? (ಧಾರವಾಡದ ಓದುಗರು)

ಉತ್ತರ: ಅಷ್ಟು ಸಲೀಸಾಗಿ ಹೇಳುವಂತಿಲ್ಲ. ಅವನಿಗಿಂತ ಮುಂಚಿನ ಮೈಸೂರು, ತಂಜಾವೂರು ಶೈಲಿಯ ಚಿತ್ರಗಳಲ್ಲೂ ದೇವಿಯರು ಸೀರೆ ಉಟ್ಟಿದ್ದಾರೆ. ಆದರೆ ಅಲ್ಲಿ ಸೀರೆ ಒಂದು ವಿನ್ಯಾಸ. ನೆರಿಗೆ ಎಂದರೆ ಗೆರೆಗಳ ಸಾಲು, ಒಡವೆ ಎಂದರೆ ಉಬ್ಬಿಸಿದ ಸಫೇದದ (ಬಿಳಿ ಪುಡಿಯ ಲೇಪದ) ಮೇಲೆ ಚಿನ್ನದ ರೇಕು. ಬೆಳಕು ಎಲ್ಲಿಂದಲೂ ಬರುವುದಿಲ್ಲ, ಅಲ್ಲಿ ನೆರಳೇ ಇಲ್ಲ. ರವಿವರ್ಮ ತಂದದ್ದು ಬಟ್ಟೆಯ ತೂಕ. ಒಂದು ಮಗ್ಗುಲಿಂದ ಬಿದ್ದ ಬೆಳಕಿನಲ್ಲಿ ರೇಷ್ಮೆ ಮಂಡಿಯ ಮೇಲೆ ಬಿಗಿಯಾಗುವುದು, ಪಾದದ ಬಳಿ ಮಡಿಚಿಕೊಳ್ಳುವುದು, ಅಡಿಯಲ್ಲಿ ಮೈ ಇದೆಯೆಂದು ತಿಳಿಯುವುದು. ಇದು ಯುರೋಪಿನ ಅಕಾಡೆಮಿಗಳ ತೈಲವರ್ಣದ ಕಸುಬು. ತಿರುವನಂತಪುರದ ಆಸ್ಥಾನಕ್ಕೆ ಬಂದಿದ್ದ ಯುರೋಪಿನ ಚಿತ್ರಕಾರ ಥಿಯೊಡೋರ್ ಜೆನ್ಸನ್ ಕೆಲಸ ಮಾಡುವುದನ್ನು ನೋಡಿ ನೋಡಿ ಕಲಿತದ್ದು.

ಬರೋಡದ ಮಹಾರಾಜರು 1888ರಲ್ಲಿ 14 ಪುರಾಣಚಿತ್ರ ಕೇಳಿದಾಗ ಪಾತ್ರಗಳಿಗೆ ಯಾವ ಸೀಮೆಯ ಉಡುಪು ಹಾಕುವುದು ಎಂಬುದು ನಿಜವಾದ ತಲೆನೋವಾಗಿತ್ತು. ಅದಕ್ಕಾಗಿಯೇ ತಮ್ಮನ ಜೊತೆ ಉತ್ತರಭಾರತ ಸುತ್ತಿ ಬಂದ. ಕೊನೆಗೆ ನಿಂತದ್ದು ಸೀರೆ. ಈ ಹುಡುಕಾಟದ ಇನ್ನೊಂದು ಮುಖ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ. ಅಲ್ಲಿ ವಾದ್ಯಗಳೊಂದಿಗೆ ಸೇರಿರುವ ಹನ್ನೊಂದು ಹೆಂಗಸರ ದೊಡ್ಡ ಚಿತ್ರವಿದೆ, ಒಬ್ಬೊಬ್ಬರದೂ ಒಂದೊಂದು ಸೀಮೆಯ ಉಡುಪು. ಚೆಂದದ ಚಿತ್ರ, ಆದರೆ "ಇಂಡಿಯಾದ ಜನರ ಮಾದರಿಗಳು" ಎಂದು ಪಟ್ಟಿ ಮಾಡುತ್ತಿದ್ದ ಬ್ರಿಟಿಷರ ಕಣ್ಣೂ ಅದರಲ್ಲಿ ಸ್ವಲ್ಪ ಸೇರಿದೆ ಎಂದೇ ನಮ್ಮ ಅಭಿಪ್ರಾಯ. ಹನ್ನೊಂದು ಜನರೂ ಅಕ್ಕಪಕ್ಕದಲ್ಲೇ ಇದ್ದರೂ ಒಬ್ಬರಿಗೊಬ್ಬರು ಸಂಬಂಧವಿಲ್ಲದವರಂತೆ ಕಾಣುತ್ತಾರೆ.

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ತಿನ ಗೋಡೆಯಲ್ಲಿ ಇಂಗ್ಲಿಷರು ಸೋತು ಕಂಗಾಲು. ಇಂಗ್ಲಿಷರ ಚಿತ್ರಗಳಲ್ಲಿ ಟಿಪ್ಪುವಿನ ಮಕ್ಕಳು ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಕೈ ಹಿಡಿದಿದ್ದಾರೆ. ಯಾವುದನ್ನು ನಂಬುವುದು? (ಮಂಡ್ಯದ ಓದುಗರು)

ಉತ್ತರ: ಘಟನೆಗಳು ಎರಡೂ ನಡೆದವೇ. ಗೋಡೆಯದು ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧ, ಸೋತ ಟಿಪ್ಪು ಮಕ್ಕಳನ್ನು ಇಂಗ್ಲಿಷರಲ್ಲಿ ಒತ್ತೆಯಿಟ್ಟದ್ದು 1792ರಲ್ಲಿ. ಚಿತ್ರ ಯಾರ ದುಡ್ಡಿನಿಂದ, ಎಲ್ಲಿ ಕೂತು, ಯಾರು ನೋಡಲೆಂದು ಬರೆದದ್ದು ಎಂಬುದನ್ನು ಕೇಳಿಕೊಂಡು ನೋಡಿ.

ಪಶ್ಚಿಮದ ಗೋಡೆಯ ಮುಂದೆ ನಿಂತು ಮೊದಲು ಚೌಕಾಕಾರದಲ್ಲಿ ಕಟ್ಟಿನಿಂತ ಕೆಂಪಂಗಿ ಸೈನ್ಯ ಹುಡುಕಿ. ಅದರ ನಡುವೆ ಪಲ್ಲಕ್ಕಿಯಲ್ಲಿ ಇಂಗ್ಲಿಷರ ದಂಡನಾಯಕ ಕರ್ನಲ್ ಬೇಲಿ, ಬೆರಳು ಬಾಯಿಗಿಟ್ಟುಕೊಂಡು. ಹತ್ತಿರದಲ್ಲೇ ಮದ್ದಿನ ಗಾಡಿ ಸಿಡಿಯುತ್ತಿದೆ. ಕಣ್ಣಳತೆಯ ದೂರ–ಹತ್ತಿರ ಇಲ್ಲ, ಕುದುರೆಗಳು ಸಾಲು ಸಾಲು. ಆದರೆ ಮುಖಗಳ ವಿವರ ನಂಬುವಾಗ ಎಚ್ಚರ. ಆ ಗೋಡೆ ಒಮ್ಮೆ ಸುಣ್ಣ ಕಂಡಿದೆ, ಆಮೇಲೆ ಇಂಗ್ಲಿಷ್ ಸೇನಾಧಿಕಾರಿ ವೆಲ್ಲೆಸ್ಲಿಯ ಕಾಲದಲ್ಲೂ, 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆಯೂ ಮತ್ತೆ ಬಣ್ಣ ಕಂಡಿದೆ. ಸಂಯೋಜನೆ ಹಳೆಯದು, ಮೇಲ್ಮೈಯ ಗೆರೆಗಳೆಲ್ಲ ಟಿಪ್ಪುವಿನ ಕಾಲದವಲ್ಲ.

ಒತ್ತೆಯಾಳು ಮಕ್ಕಳನ್ನು ಬರೆದವರಲ್ಲಿ ರಾಬರ್ಟ್ ಹೋಮ್ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗೇ ಇದ್ದ. ಮ್ಯಾಥರ್ ಬ್ರೌನ್ ಭಾರತಕ್ಕೆ ಕಾಲೇ ಇಡದೆ ಲಂಡನ್ನಿನಲ್ಲಿ ಕೂತು ಬರೆದ. 1800ರಲ್ಲಿ ಕೆರ್ ಪೋರ್ಟರ್ ಶ್ರೀರಂಗಪಟ್ಟಣದ ಪತನವನ್ನು ಲಂಡನ್ನಿನಲ್ಲಿ ಸುಮಾರು 120 ಅಡಿ ಉದ್ದದ ಪರದೆಯ ಮೇಲೆ ಬರೆದಾಗ ಅವನೂ ಈ ಕಡೆ ಬಂದವನಲ್ಲ. ಕಾಣದ ಊರಿಗೆ ಇವರು ಹಾಕಿದ್ದು ಸಿದ್ಧ ಸಾಮಾನು: ಪೇಟ, ಆನೆ, ಹೊಗೆ, ಗುಮ್ಮಟ. ಉದಾರಿ ಯೂರೋಪಿಯನ್ ನಡುವೆ, ಬೆಳಕೂ ಅವನ ಮೇಲೇ.

ಗೋಡೆಯನ್ನೂ ಆ ಚಿತ್ರಗಳನ್ನೂ ಜೋಡಿಸುವವನು ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೈರ್ಡ್. ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಮೂರೂವರೆ ವರ್ಷ ಶ್ರೀರಂಗಪಟ್ಟಣದ ಬಂದೀಖಾನೆಯಲ್ಲಿದ್ದ, 1799ರಲ್ಲಿ ಕೋಟೆಗೆ ನುಗ್ಗಿದ ಪಡೆಯ ಮುಂದಾಳೂ ಅವನೇ. ಅವನು ಪಂಜಿನ ಬೆಳಕಿನಲ್ಲಿ ಟಿಪ್ಪುವಿನ ದೇಹ ಕಾಣುವ ಚಿತ್ರವನ್ನು ಬೈರ್ಡ್‌ನ ವಿಧವೆಯ ಕೋರಿಕೆಯಂತೆ ಡೇವಿಡ್ ವಿಲ್ಕಿ ಬರೆದು ಮುಗಿಸಿದ್ದು ನಲವತ್ತು ವರ್ಷದ ಮೇಲೆ. ಭಾರತ ಕಂಡವನಲ್ಲ ವಿಲ್ಕಿಯೂ. ಎಡಿನ್‌ಬರೋದಲ್ಲಿರುವ ಆ ಚಿತ್ರ ಎಲ್ಲಾದರೂ ಪರದೆಯ ಮೇಲೆ ಸಿಕ್ಕರೆ ದೊಡ್ಡದು ಮಾಡಿ ಬೈರ್ಡ್‌ನ ಕಾಲಡಿ ನೋಡಿ. ಅಲ್ಲೊಂದು ಕಬ್ಬಿಣದ ಜಾಲರಿ ಇದೆ, ಅವನನ್ನು ಹಿಂದೆ ಕೂಡಿಹಾಕಿದ್ದ ನೆಲಮಾಳಿಗೆಯದು.